ವಿಷಯ: ಉಸಿರು ಅಳೆಯಲು ಬಾರದ ನಿಮ್ಮ ಅಂಗೈ ಸ್ಪೈರೋಮೀಟರ್

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಫೋನು, ಇಮೇಲು, ವಾಟ್ಸಾಪು ಎಲ್ಲ ಮುಗಿದು ಈಗ ಸ್ಪೀಡ್ ಪೋಸ್ಟಿಗೆ ಬಂದಿದ್ದೇನೆ. ನಮ್ಮದು ಪಾವಗಡ ತಾಲ್ಲೂಕಿನ ಒಂದು ಧರ್ಮಾರ್ಥ ಕ್ಲಿನಿಕ್. ಬೀಡಿ ಸೇದಿದವರು, ಸೌದೆ ಒಲೆಯ ಹೊಗೆ ಕುಡಿದವರು ದಮ್ಮು ಎಂದು ಬರುತ್ತಾರೆ. ಸಿಒಪಿಡಿ (ಶ್ವಾಸನಾಳ ಕಟ್ಟಿಕೊಳ್ಳುವ ದೀರ್ಘಕಾಲದ ಕಾಯಿಲೆ) ಅನುಮಾನ ಇರುವವರನ್ನು ಇಲ್ಲೇ ಗುರುತಿಸಿ, ಅವರನ್ನಷ್ಟೇ ತುಮಕೂರಿಗೆ ಕಳಿಸೋಣ ಎಂದು ಈ ಯಂತ್ರ ಕೊಂಡೆವು. ಸುಮ್ಮನೆ ಕಳಿಸಿದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ.

ಅಳತೆ ಸರಿ ಇದೆಯೇ ಎಂದು ನೋಡಲು 3 ಲೀಟರ್ ಗಾಳಿ ತಳ್ಳುವ ಕ್ಯಾಲಿಬ್ರೇಷನ್ ಸಿರಿಂಜು ಎರವಲು ತಂದು ತಳ್ಳಿದರೆ ನಿಮ್ಮ ಯಂತ್ರ 2.4 ಎನ್ನುತ್ತದೆ. ವ್ಯತ್ಯಾಸ ಶೇ. 3 ದಾಟಿದರೆ ಬಳಸಬೇಡಿ, ವಾರಂಟಿಯಲ್ಲಿ ಬದಲಿಸಿಕೊಡುತ್ತೇವೆ ಎಂದದ್ದು ನಿಮ್ಮದೇ ಕೈಪಿಡಿ. ಅದನ್ನು ನಿಮಗೇ ಓದಿ ಹೇಳಬೇಕಾದೀತು ಎಂದುಕೊಂಡಿರಲಿಲ್ಲ.

ಕಳೆದ ಮಂಗಳವಾರ ನಿಮ್ಮ ಸರ್ವಿಸ್ ಎಂಜಿನಿಯರ್ ಫೋನನ್ನು ಸ್ಪೀಕರಿಗೆ ಹಾಕಿಸಿದರು. ಹೊರಗೆ ರೋಗಿಗಳ ಸಾಲು. "ಮೆಷೀನ್ ಸರಿ ಇದೆ ಮೇಡಂ, ನಿಮ್ಮವರಿಗೆ ಊದಿಸೋಕೆ ಬರಲ್ಲ. ಈಗ ಊದ್ಸಿ, ಕೇಳ್ತೀನಿ." ನಮ್ಮ ನರ್ಸ್ ಎದುರಿಗಿದ್ದ ಅಜ್ಜಿಗೆ, "ಊದುಗೊಳವೆ ಊದೋ ಹಂಗೆ ಊದಜ್ಜಿ, ನಿಲ್ಲಿಸಬೇಡ, ನಿಲ್ಲಿಸಬೇಡ" ಎಂದಳು. ಆ ಕಡೆಯಿಂದ ನಗು. "ಊದುಗೊಳವೆನಾ? ಬರ್ತ್‌ಡೇ ಕ್ಯಾಂಡಲ್ ಆರಿಸೋ ಹಾಗೆ ಅನ್ನಿ ಸಿಸ್ಟರ್." ಅಜ್ಜಿಯೇ ಉತ್ತರ ಕೊಟ್ಟಳು: "ಅದನ್ನ ನನ್ ಮೊಮ್ಮಗ ಊದ್ತಾನೆ ಕಣಪ್ಪ, ನಾನು ಒಲೆ ಊದಿದೋಳು." (ಕ್ಯಾಂಡಲಿಗೆ ಒಂದು ಉಫ್ ಸಾಕು, ಈ ಪರೀಕ್ಷೆಗೆ ಪೂರಾ 6 ಸೆಕೆಂಡು ಊದಬೇಕು. ನಿಮ್ಮ ಎಂಜಿನಿಯರಿಗಿಂತ ಅಜ್ಜಿಯೇ ವಾಸಿ.) ತಲೆ ಸುತ್ತುವ ತನಕ ಊದಿಸಿದರು. ಪರದೆ ಮೇಲೆ ಬಂದದ್ದು: ಮೊದಲ ಸೆಕೆಂಡಿನಲ್ಲಿ 1.9 ಲೀಟರ್, ಆರೂ ಸೆಕೆಂಡು ಸೇರಿ 1.6. ಉಳಿದ ಐದು ಸೆಕೆಂಡಿನಲ್ಲಿ ಅಜ್ಜಿ ಗಾಳಿಯನ್ನು ವಾಪಸ್ ನುಂಗಿದಳೇ ಎಂದು ಕೇಳಿದೆ. "ಪೇಷಂಟ್ ಕೋಆಪರೇಟ್ ಮಾಡ್ತಿಲ್ಲ" ಎಂದು ದೂರು ಕ್ಲೋಸ್ ಮಾಡಿದರು. ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಮೆಸೇಜು ಮಾತ್ರ ತಪ್ಪದೆ ಬಂತು.

ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು 0.70ಕ್ಕಿಂತ ಕಡಿಮೆ ಇದ್ದರೆ ಶ್ವಾಸನಾಳ ಕಟ್ಟಿದೆ ಎಂದು ಅನುಮಾನ. ನಿಮ್ಮ ಯಂತ್ರ ಅದನ್ನು 1ಕ್ಕಿಂತ ಮೇಲೆ ತೋರಿಸಿದರೆ ಕಾಯಿಲೆ ಇದ್ದವರೂ 'ನಾರ್ಮಲ್' ಆಗಿ ಮನೆಗೆ ಹೋಗುತ್ತಾರೆ.

ಬದಲಿ ಯಂತ್ರ ಇನ್ನು ಬೇಡ. 15 ದಿನದೊಳಗೆ ಹಣ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತುಮಕೂರಿನ ಗ್ರಾಹಕ ಆಯೋಗದಲ್ಲಿ ಭೇಟಿಯಾಗೋಣ. ಹಣ ಬಂದರೂ, ಉಪಕರಣಗಳ ದೋಷ ದಾಖಲಿಸಿಕೊಳ್ಳುವ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ನಿಗೆ ಆ ಪರದೆಯ ಫೋಟೋ ಹೋಗಿಯೇ ಹೋಗುತ್ತದೆ. ಜೊತೆಗೆ ಆಡಿಯೋ ಕೂಡ: ಗುಣಮಟ್ಟಕ್ಕಾಗಿ ಕರೆ ರೆಕಾರ್ಡ್ ಆಗುತ್ತಿದೆ ಎಂದು ನೀವೇ ಹೇಳಿದಿರಿ, ನಾನೂ ಮಾಡಿಕೊಂಡೆ.

ಇತಿ,
ವೈದ್ಯಾಧಿಕಾರಿ