ಪಾಡ್‌ಕಾಸ್ಟ್‌ನ ಮೊದಲ ಸುತ್ತು ಮುಗಿಯಿತು, ಒಂದಷ್ಟು ಜನಕ್ಕೆ ಥ್ಯಾಂಕ್ಸ್ ಹೇಳಬೇಕು

ವಕೀಲೆಯಾದ ನಾನು ನಡೆಸುವ ನಮ್ಮ ಕಾನೂನು ಪಾಡ್‌ಕಾಸ್ಟ್‌ನ ಮೊದಲ ಸುತ್ತಿನ ಕೊನೆಯ ಕಂತು ನಿನ್ನೆ ಹೋಯಿತು. ಕೇಳಿದವರಿಗೆ, ಮನೆಯವರಿಗೆ ಕೇಳಿಸಿದವರಿಗೆ, "ಮೇಡಂ, ಇದು ಅರ್ಥ ಆಗ್ಲಿಲ್ಲ" ಅಂತ ನೇರವಾಗಿ ಹೇಳಿದವರಿಗೆ, ಎಲ್ಲರಿಗೂ ಮನಸಾರೆ ಧನ್ಯವಾದ. ನನ್ನ ಹೆಸರಲ್ಲಿ ಯಾರೋ ಸುಳ್ಳು ಪೋಸ್ಟರ್ ಹರಿಬಿಟ್ಟಿದ್ದರಿಂದ ಮಧ್ಯದಲ್ಲಿ ಕೆಲವು ವಾರ ನಿಂತಿತ್ತು ಅನ್ನೋದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತೇ ಇದೆ. ಅದನ್ನೆಲ್ಲ ಪೂರ್ತಿ ಹೇಳುವುದಿಲ್ಲ. ಯಾರು ಜೊತೆಗಿದ್ದದ್ದರಿಂದ ಇದು ಮತ್ತೆ ಎದ್ದು ನಿಂತಿತು ಅನ್ನೋದನ್ನು ಮಾತ್ರ ಬರೆದಿಡಬೇಕು.

ಆಡಿಯೊ ಕತ್ತರಿಸಿ ಜೋಡಿಸಿದ ತಮ್ಮ, ಕವರ್ ಚಿತ್ರ ಬರೆದುಕೊಟ್ಟ ಗೆಳತಿ, ಕೋರ್ಟ್ ಮುಗಿಸಿ ಸುಸ್ತಾಗಿ ಬಂದರೂ ಪ್ರತಿ ಕಂತಿನ ಬರಹ ಓದಿ ಕಾನೂನಿನ ಭಾಗ ತಿದ್ದಿದ ನಮ್ಮ ಸೀನಿಯರ್ ಸರ್, ರೆಕಾರ್ಡಿಂಗ್ ಹೊತ್ತಿಗೆ ಫ್ಯಾನ್ ಆಫ್ ಮಾಡಿಕೊಂಡು ಸೆಖೆಯಲ್ಲಿ ಕೂತ ಮನೆಯವರು, ತಿಂಗಳ ಸಭೆಯಲ್ಲಿ ಕಂತುಗಳನ್ನು ಹಾಕಿ ಕೇಳಿಸಿದ ಸ್ವಸಹಾಯ ಸಂಘದ ಅಕ್ಕಂದಿರು, ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಈಗ ಟೈಪಿಂಗ್ ಅಕ್ಕನ ಬಗ್ಗೆ.

ತಿಪಟೂರು ಕೋರ್ಟಿಗೆ ಬಂದು ಹೋಗುವವರಿಗೆ ಅಕ್ಕನ ಅಂಗಡಿ ಗೊತ್ತು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಪ್ಲಾಸ್ಟಿಕ್ ಕುರ್ಚಿ. ಟೈಪ್‌ರೈಟರ್ ಕಾಲದಿಂದ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಕಾಲದವರೆಗೆ ಅವರು ಅಫಿಡವಿಟ್ಟು, ಅರ್ಜಿ, ಕರಾರು ಪತ್ರ ಟೈಪ್ ಮಾಡುತ್ತಲೇ ಇದ್ದಾರೆ. ಈ ಪಾಡ್‌ಕಾಸ್ಟ್ ಹುಟ್ಟಿದ್ದೂ ಅಲ್ಲೇ. 2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಾಗ ಅವರು ನನ್ನನ್ನು ಕೂರಿಸಿಕೊಂಡು ಒಂದೊಂದೇ ಸೆಕ್ಷನ್ ಕೇಳಿದರು. ಹಳೆಯ ಐಪಿಸಿಯಲ್ಲಿ ಕೊಲೆಯ 302 ಈಗ ಭಾರತೀಯ ನ್ಯಾಯ ಸಂಹಿತೆಯ 103, ಮೋಸದ 420 ಈಗ 318, ಹಳೆಯ ಸಿಆರ್‌ಪಿಸಿಯಲ್ಲಿ ಎಫ್‌ಐಆರ್‌ನ 154 ಈಗ ನಾಗರಿಕ ಸುರಕ್ಷಾ ಸಂಹಿತೆಯ 173. ಟೈಪ್ ಮಾಡುವಾಗ ಮತ್ತೆ ಮತ್ತೆ ಕೇಳೋಕೆ ಸಂಕೋಚ, ಮಾತಾಡಿ ಫೋನಿಗೆ ಕಳಿಸಿಬಿಡಿ ಅಂದರು. ಕಳಿಸಿದೆ. ಅವರು ಅದನ್ನು ಪಕ್ಕದ ಸ್ಟಾಂಪ್ ವೆಂಡರ್‌ಗೆ ಕಳಿಸಿದರು, ಅವರು ಇನ್ಯಾರಿಗೋ. ವಾರದೊಳಗೆ ಬೇರೆ ತಾಲ್ಲೂಕಿನ ಜೂನಿಯರ್ ವಕೀಲರೊಬ್ಬರು ಫೋನ್ ಮಾಡಿ "ಮುಂದಿನದು ಯಾವಾಗ ಮೇಡಂ" ಅಂತ ಕೇಳಿದರು.

ಹೆಸರಿಡುವ ಕೆಲಸವೂ ಅಕ್ಕನದೇ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕಂತಿಗೆ ನಾನು ಕಾಯ್ದೆಯ ಹೆಸರನ್ನೇ ಇಟ್ಟಿದ್ದೆ. ಅವರು ತಲೆ ಅಲ್ಲಾಡಿಸಿದರು. "ನನ್ನ ಟೇಬಲ್ ಮುಂದೆ ನಿಂತು ಯಾರೂ ಹಿಂದೂ ಉತ್ತರಾಧಿಕಾರ ಅನ್ನಲ್ಲ ಮೇಡಂ. ತಂಗಿ ಸಹಿ ಇಲ್ದೆ ಖಾತೆ ಆಗುತ್ತಾ ಅಂತ ಕೇಳ್ತಾರೆ." ಅದನ್ನೇ ಇಟ್ಟೆವು. ಇಡೀ ಸುತ್ತಿನಲ್ಲಿ ಜನ ಅತಿ ಜಾಸ್ತಿ ಕೇಳಿದ ಕಂತು ಅದು. ನಮ್ಮ ರಾಜ್ಯದಲ್ಲಿ 1994ರಲ್ಲೇ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿದ್ದು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದು, 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆದಿದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಎಲ್ಲ ಅದರಲ್ಲಿದೆ. ಅದನ್ನು ಕೇಳಿ ಮಸ್ಕತ್‌ನಲ್ಲಿ ನರ್ಸ್ ಆಗಿರುವ ಒಬ್ಬ ಹೆಣ್ಣುಮಗಳು ರಾತ್ರಿ ಡ್ಯೂಟಿ ಮುಗಿಸಿ ಬರೆದ ಸಂದೇಶವನ್ನು ನಾನು ಇನ್ನೂ ಅಳಿಸಿಲ್ಲ.

ನಮ್ಮ ವೃತ್ತಿಯಲ್ಲಿ ಇಂಥದ್ದನ್ನು ಜನರಿಗೆ ಮುಟ್ಟಿಸುವುದು ಬೇರೆಯವರಷ್ಟು ಸಲೀಸಲ್ಲ. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ನೇರವಾಗಿಯಾಗಲಿ, ಸುತ್ತಿ ಬಳಸಿಯಾಗಲಿ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಬಾಗಿಲ ಬೋರ್ಡು ಕೂಡ ಮಿತವಾದ ಅಳತೆಯಲ್ಲಿರಬೇಕು ಅನ್ನುತ್ತದೆ. 2008ರ ತಿದ್ದುಪಡಿಯಲ್ಲಿ ವೆಬ್‌ಸೈಟ್‌ಗೆ ಅವಕಾಶ ಕೊಟ್ಟರೂ ಹೆಸರು, ವಿಳಾಸ, ಫೋನು, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೇಸು ನೋಡುತ್ತೇವೆ ಅನ್ನೋದು, ಇಷ್ಟರ ಆಚೆ ಹೆಚ್ಚೇನೂ ಹಾಕುವ ಹಾಗಿಲ್ಲ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಆನ್‌ಲೈನ್‌ನಲ್ಲಿ ಕೇಸು ಹಿಡಿಯುವ ವಕೀಲರ ಮೇಲೆ ಕ್ರಮ ಆಗಬೇಕು ಅಂದಿತು. ಮರುವರ್ಷ ಪರಿಷತ್ತೂ ಸೋಶಿಯಲ್ ಮೀಡಿಯಾ ಪ್ರಚಾರದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಈ ನಿಯಮ ಇರಬೇಕು ಅಂತಲೇ ನನ್ನ ನಂಬಿಕೆ. ಕಷ್ಟದಲ್ಲಿರುವ ಮನುಷ್ಯನಿಗೆ "ಗೆಲ್ಲಿಸಿಕೊಡ್ತೀನಿ" ಅಂತ ಆಸೆ ಹುಟ್ಟಿಸುವುದು ದೊಡ್ಡ ಅನ್ಯಾಯ.

ಅದಕ್ಕೇ ನಮ್ಮ ಯಾವ ಕಂತಿನಲ್ಲೂ ನನ್ನ ನಂಬರ್ ಇಲ್ಲ, ಆಫೀಸಿನ ವಿಳಾಸ ಇಲ್ಲ, ನಡೆಸಿದ ಕೇಸಿನ ಮಾತಿಲ್ಲ, ಕಾಸು ಕೊಟ್ಟು ಬೂಸ್ಟ್ ಮಾಡಿಸಿಲ್ಲ. ಪ್ರತಿ ಕಂತಿನ ಕೊನೆಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಮಾತ್ರ ಹೇಳುತ್ತೇವೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಒಂದು ಅರ್ಜಿ ಕೊಟ್ಟರೆ ಸಾಕು ಅನ್ನುತ್ತೇವೆ.

ಇಷ್ಟು ಜಾಗ್ರತೆಯಾಗಿದ್ದರೂ ಆ ಪೋಸ್ಟರ್ ಬಂತು. ನನ್ನ ಫೋಟೊ, ನನ್ನ ನಂಬರ್, ಪಾಡ್‌ಕಾಸ್ಟ್‌ನ ಕವರ್, ಮೇಲೆ ದಪ್ಪ ಅಕ್ಷರದಲ್ಲಿ "ಆಸ್ತಿ ಕೇಸ್ ಖಚಿತವಾಗಿ ಗೆಲ್ಲಿಸಿಕೊಡಲಾಗುವುದು". ಯಾರು ಮಾಡಿದರೋ ಇವತ್ತಿಗೂ ಗೊತ್ತಿಲ್ಲ. ಸಂಜೆ ಹೊತ್ತಿಗೆ ಊರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಓಡಾಡುತ್ತಿತ್ತು. ವಕೀಲರ ಗ್ರೂಪಿಗೂ ಬಂತು. ಕೆಲವರು ಏನೂ ಹೇಳಲಿಲ್ಲ, ಸುಮ್ನೆ ಅದನ್ನೇ ನನಗೆ ಕಳಿಸಿದರು. ಅದು ಇನ್ನೂ ಕಷ್ಟ ಆಯಿತು. ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಹೋದರೆ ಅನ್ನೋ ಯೋಚನೆ ಬಂದ ಮೇಲೆ ಬೇರೆ ಏನೂ ತಲೆಗೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಕರಿಕೋಟಿಗೆ ದುಡ್ಡು ಹೊಂದಿಸಲು ಅಮ್ಮ ಏನು ಅಡವಿಟ್ಟಿದ್ದರು ಅನ್ನೋದು ನೆನಪಾಗಿ, ರಸ್ತೆ ಬದಿ ಗಾಡಿ ನಿಲ್ಲಿಸಿ ಅತ್ತುಬಿಟ್ಟೆ.

ಅಕ್ಕ ಫೋನ್ ಮಾಡಿದರು. "ಎಲ್ಲಿದ್ದೀರ? ಅಂಗಡಿಗೆ ಬನ್ನಿ" ಅಂದರು, ಅಷ್ಟೇ. ಹೋದಾಗ ಶಟರ್ ಅರ್ಧ ಇಳಿದಿತ್ತು, ಕಂಪ್ಯೂಟರ್ ಆನ್ ಆಗಿತ್ತು, ನುಡಿ ತೆರೆದು ಮೇಲೆ ದಿನಾಂಕ ಹಾಕಿಟ್ಟಿದ್ದರು. "ಹೇಳಿ, ಟೈಪ್ ಮಾಡ್ತೀನಿ." ನನಗೆ ಮಾತು ಹೊರಡಲಿಲ್ಲ. ಅವರೇ ಮೊದಲ ಸಾಲು ಹೊಡೆದರು: ಈ ಪೋಸ್ಟರ್ ಅನ್ನು ನಾನು ಮಾಡಿಸಿಲ್ಲ, ಮಾಡಲು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ಅಲ್ಲಿಂದ ಮುಂದೆ ನಾನು ಹೇಳತೊಡಗಿದೆ. ವಕೀಲರ ಸಂಘಕ್ಕೆ ಒಂದು, ರಾಜ್ಯ ವಕೀಲರ ಪರಿಷತ್ತಿಗೆ ಒಂದು, ಸೈಬರ್ ಅಪರಾಧದ ದೂರಿಗೆ ಒಂದು, ಗ್ರೂಪುಗಳಿಗೆ ಹಾಕಲು ಚಿಕ್ಕದೊಂದು. ಪ್ರತಿಯೊಂದನ್ನೂ ಜೋರಾಗಿ ಓದಿಸಿದರು. ಕೋಪದಲ್ಲಿ ಬಂದ ಒಂದು ಮಾತನ್ನು ತೆಗೆಸಿದರು, "ಇದು ನಾಳೆ ಫೈಲಲ್ಲಿ ಕೂರೋ ಕಾಗದ ಮೇಡಂ" ಅಂದರು.

ಆಮೇಲೆ ಫೋನ್ ಕೈಗೆ ತಗೊಂಡರು. ಯಾವ ಗ್ರೂಪಿಗೆ ಯಾರು ಅಡ್ಮಿನ್, ಅವರ ಮನೆ ಯಾವುದು, ಯಾವ ವರ್ಷ ಅವರ ವಿಭಾಗ ಪತ್ರ ಟೈಪ್ ಮಾಡಿಕೊಟ್ಟಿದ್ದು, ಎಲ್ಲ ಅವರ ಬಾಯಲ್ಲೇ ಇದೆ. ನಿದ್ದೆಯಲ್ಲಿದ್ದವರನ್ನೂ ಎಬ್ಬಿಸಿದರು. "ಅಣ್ಣ, ಅದು ಸುಳ್ಳು ಪೋಸ್ಟರ್. ಈಗಲೇ ತೆಗೀರಿ, ನಾನು ಕಳಿಸಿದ್ದನ್ನ ಹಾಕಿ" ಅನ್ನುವುದು, ಫೋನ್ ಇಡುವುದು, ಹಾಳೆಯಲ್ಲಿ ಹೆಸರಿನ ಮುಂದೆ ಗೆರೆ ಎಳೆಯುವುದು. ಮಗಳಿಗೆ ಪರೀಕ್ಷೆ ಇತ್ತು, ಅವಳನ್ನು ತಂಗಿ ಮನೆಗೆ ಕಳಿಸಿ ಬಂದಿದ್ದರು ಅಂತ ನನಗೆ ಗೊತ್ತಾಗಿದ್ದು ಬಹಳ ದಿನದ ಮೇಲೆ, ಅದೂ ಬೇರೆಯವರ ಬಾಯಿಂದ.

ನಡುರಾತ್ರಿ ದಾಟಿದ ಮೇಲೆ, ಪಾಡ್‌ಕಾಸ್ಟ್ ನಿಲ್ಲಿಸಿಬಿಡ್ತೀನಿ ಅಕ್ಕ ಅಂದೆ. ಬೇಡ ಅಂತಲೂ ಹೇಳಲಿಲ್ಲ, ಧೈರ್ಯದ ಮಾತೂ ಆಡಲಿಲ್ಲ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, "ಚೆಕ್ ಬೌನ್ಸ್‌ದು ಅರ್ಧಕ್ಕೆ ನಿಂತಿದೆ. ಬ್ಯಾಂಕ್ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು ಅಂದ್ರಿ. ಆಮೇಲೆ?" ಅಂತ ಕೇಳಿದರು. ನೋಟಿಸ್ ಮುಟ್ಟಿದ ಮೇಲೆ ಹಣ ಕಟ್ಟೋಕೆ 15 ದಿನ, ಕಟ್ಟದೇ ಇದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು ಅಂತ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಸರಿಯಾಯಿತು. ಹಾಲಿನ ವ್ಯಾನ್ ಬರುವ ಹೊತ್ತಿಗೆ ಪಟ್ಟಿಯಲ್ಲಿದ್ದ ಎಲ್ಲರಿಗೂ ಫೋನ್ ಆಗಿತ್ತು. ಬೆಳಿಗ್ಗೆ ಪೋಸ್ಟಾಫೀಸ್ ಬಾಗಿಲು ತೆಗೆದ ಕೂಡಲೇ ಪರಿಷತ್ತಿಗೆ ರಿಜಿಸ್ಟರ್ಡ್ ಪೋಸ್ಟ್ ಹೋಯಿತು. ನಮ್ಮ ಹೇಳಿಕೆಯನ್ನು ಸಂಘದ ನೋಟಿಸ್ ಬೋರ್ಡಿಗೆ ಸೀನಿಯರ್ ಸರ್ ತಾವೇ ನಿಂತು ಅಂಟಿಸಿದರು. ಯಾರಿಂದಲೂ ನನ್ನ ಮೇಲೆ ದೂರು ಬರಲಿಲ್ಲ.

ಅಕ್ಕ, ಆ ರಾತ್ರಿಯ ಟೈಪಿಂಗ್‌ಗೆ ನೀವು ದುಡ್ಡು ತಗೊಳ್ಳಲಿಲ್ಲ. ಎಲ್ಲರೆದುರು ಹೇಳ್ತಿದ್ದೀನಿ, ನೀವು ಇಲ್ಲದಿದ್ದರೆ ನಾನು ಆ ವಾರ ಕೋರ್ಟಿಗೇ ಹೋಗುತ್ತಿರಲಿಲ್ಲ.

ಸ್ವಂತ ಪಾಡ್‌ಕಾಸ್ಟ್ ಶುರು ಮಾಡಲು ಹೊರಟ ಜೂನಿಯರ್‌ಗಳು ಹಂಚಿಕೆ ಬಗ್ಗೆ ಕೇಳುತ್ತಿದ್ದೀರಿ, ಚುಟುಕಾಗಿ ಹೇಳಿಬಿಡುತ್ತೇನೆ. ಆಡಿಯೊ ಇಟ್ಟುಕೊಳ್ಳುವ ಒಂದು ಹೋಸ್ಟಿಂಗ್ ಸೇವೆಗೆ ಅಪ್‌ಲೋಡ್ ಮಾಡಿ, ಅದು ಕೊಡುವ ಆರ್‌ಎಸ್‌ಎಸ್ ಫೀಡನ್ನು (ಎಲ್ಲ ಕಂತುಗಳ ಪಟ್ಟಿ ಇರುವ ಲಿಂಕನ್ನು) ಸ್ಪಾಟಿಫೈ, ಆಪಲ್, ಯೂಟ್ಯೂಬ್‌ಗೆ ಒಂದು ಸಲ ಕೊಟ್ಟರೆ ಮುಂದಿನ ಕಂತುಗಳು ತಾವೇ ಹೋಗುತ್ತವೆ. ಫೀಡ್ ನಿಮ್ಮ ಕೈಯಲ್ಲೇ ಇರಲಿ. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿಹೋಯಿತು, ಫೀಡ್ ಇದ್ದವರು ಬೇರೆ ಕಡೆ ಸಲೀಸಾಗಿ ಹೋದರು. ಕವರ್ 3000 ಪಿಕ್ಸೆಲ್ ಚೌಕ ಇರಲಿ, ಭಾಷೆ ಕನ್ನಡ ಅಂತ ಆರಿಸಿ. ಕನ್ನಡದ ಹೆಸರನ್ನು ವಿವರಣೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ನಮ್ಮವರು ಹಾಗೇ ಹುಡುಕುವುದು ಜಾಸ್ತಿ. ಆದರೆ ಕೊಬ್ಬರಿ ಮಾರುಕಟ್ಟೆಯಲ್ಲಿ ಹರಾಜಿಗೆ ಕಾಯುತ್ತಾ ಕೂತ ರೈತರು ಆ್ಯಪ್ ಇಳಿಸಿಕೊಂಡು ಕೇಳುವುದಿಲ್ಲ. ಅವರಿಗೆ ವಾಟ್ಸಾಪ್‌ನಲ್ಲಿ ಆಡಿಯೊ ಫೈಲನ್ನೇ ಕಳಿಸಿ, ಮೊನೊದಲ್ಲಿ, ಚಿಕ್ಕ ಗಾತ್ರದಲ್ಲಿ. ಎಷ್ಟು ಜನ ಕೇಳಿದರು ಅನ್ನೋ ಲೆಕ್ಕ ಸಿಗುವುದಿಲ್ಲ, ಪರವಾಗಿಲ್ಲ. ಫೈಲಿನ ಶುರುವಿನಲ್ಲೇ ದಿನಾಂಕ ಹೇಳಿ, ಕಾನೂನು ಬದಲಾಗುತ್ತದೆ, ಫೈಲ್ ಮಾತ್ರ ಓಡಾಡುತ್ತಲೇ ಇರುತ್ತದೆ.

ಎರಡನೇ ಸುತ್ತು ಪೋಡಿ (ಜಮೀನು ಅಳೆದು ಪಾಲು ಬೇರೆ ಮಾಡುವುದು) ಮತ್ತು ಪಹಣಿ ತಿದ್ದುಪಡಿಯಿಂದ ಶುರುವಾಗುತ್ತದೆ. ಕೇಳುಗರ ಪ್ರಶ್ನೆಗಳನ್ನು ಇನ್ನು ಮುಂದೆ ಟೈಪಿಂಗ್ ಅಕ್ಕ ಓದುತ್ತಾರೆ, ಬಹಳ ಕಾಡಿಸಿ ಒಪ್ಪಿಸಿದ್ದೇವೆ. ನಿಮ್ಮ ಕೇಸ್ ನಂಬರ್, ಸರ್ವೆ ನಂಬರ್, ಎದುರು ಪಾರ್ಟಿಯ ಹೆಸರು ಹಾಕಬೇಡಿ. ಬರೀ ಪ್ರಶ್ನೆ ಬರೆದು ಕಳಿಸಿ.