ತೋಟಗಾರಿಕೆ ಕಾರ್ಯಕ್ರಮದ ಬಗ್ಗೆ ಅನಿಸಿಕೆಗಳು: ಭಾನುವಾರದೊಳಗೆ ಕಳುಹಿಸಿ

ಬಾಲ್ಕನಿ ತೋಟದ ಬಳಗದ ಎಲ್ಲ ಸದಸ್ಯರಿಗೂ ನಮಸ್ಕಾರ.

ಬಿಬಿಸಿಯಲ್ಲಿ 1968ರಿಂದ ನಡೆದುಬಂದಿರುವ ‘ಗಾರ್ಡನರ್ಸ್ ವರ್ಲ್ಡ್’ ಕಾರ್ಯಕ್ರಮದ ಬಗ್ಗೆ ತಾವು ಬರೆಯುತ್ತಿರುವ ಅನಿಸಿಕೆಗಳು ಶುಭೋದಯದ ಚಿತ್ರಗಳ ನಡುವೆ ಕಳೆದುಹೋಗುತ್ತಿರುವುದರಿಂದ, ಅವನ್ನೆಲ್ಲ ಒಟ್ಟುಗೂಡಿಸಿ, ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಸೊಸೈಟಿಯ ಗಚ್ಚಿಯಲ್ಲಿ ಮುಂದಿನ ವಾರದ ಶನಿವಾರ ಸಂಜೆ 5 ಗಂಟೆಗೆ ಚರ್ಚಿಸಲು ನಿರ್ಧರಿಸಲಾಗಿದೆ.

ಕಾರ್ಯಕ್ರಮ ನೋಡಿದವರು ಈ ಭಾನುವಾರ ರಾತ್ರಿಯೊಳಗೆ ತಮ್ಮ ಅಭಿಪ್ರಾಯವನ್ನು ಒಂದೇ ಸಂದೇಶದಲ್ಲಿ ಬರೆದು, ಪ್ರಯತ್ನಿಸಿದ ಗಿಡದ ಫೋಟೊ ಸಹಿತ ಕಳುಹಿಸಬೇಕು. ‘ಚೆನ್ನಾಗಿತ್ತು’ ಎಂದಷ್ಟೇ ಬರೆದರೆ ಸಾಲದು. ಯಾವ ಸಲಹೆ ನಮ್ಮ ಹವೆಗೆ ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದೇ ಮುಖ್ಯ. ಉದಾಹರಣೆಗೆ, ಟ್ಯುಲಿಪ್ ಗೆಡ್ಡೆ ಹೂ ಬಿಡಲು ಹಲವು ವಾರಗಳ ಚಳಿ ಬೇಕು, ಅದು ಮುಂಬಯಿಯ ಡಿಸೆಂಬರಿನಲ್ಲೂ ಸಿಗದು. ಇಂಗ್ಲೆಂಡಿನ ತೋಟಗಾರರಿಗೆ ಹಿಮದ ಭಯವಾದರೆ, ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕುಂಡದ ನೀರು ಬಸಿಯದೆ ಬೇರು ಕೊಳೆಯುವ ಚಿಂತೆ. ಆದರೆ ಅಡುಗೆಮನೆಯ ತರಕಾರಿ ಸಿಪ್ಪೆ ಮತ್ತು ಒಣ ಎಲೆಗಳಿಂದ ಗೊಬ್ಬರ ಮಾಡುವ ಕ್ರಮ ಎಲ್ಲಿಯಾದರೂ ಒಂದೇ.

ನಿರೂಪಕ ಮಾಂಟಿ ಡಾನ್ ಅವರ ವಿಶಾಲ ತೋಟ ಕಂಡು ಹೊಟ್ಟೆಕಿಚ್ಚಾಯಿತೆಂದು ಕೆಲವರು ಬರೆದಿದ್ದೀರಿ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಶನಿವಾರ ಬರುವವರು ತಮ್ಮ ಹೆಸರು ಹಾಗೂ ವಿಂಗ್ ಸಂಖ್ಯೆಯನ್ನು ಇಲ್ಲಿಯೇ ತಿಳಿಸಿ, ಹಂಚಲು ಬೀಜ ಅಥವಾ ಕಡ್ಡಿಗಳಿದ್ದರೆ ತರಬೇಕಾಗಿ ವಿನಂತಿ.