ಬಟ್ಟೆ ಲ್ಯಾಬಿಗೆ ಹೊರಟ ಪುಟ್ಟಿಗೆ

ರಾಜಾಜಿನಗರ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದ.

ನಿನಗೆ ಪೀಣ್ಯದ ಬಟ್ಟೆ ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು ಅಂತ ಅಕ್ಕ ಫೋನ್ ಮಾಡಿದ್ದಳು. ಅಜೋ ಡೈ ಬೆಂಚಿಗೇ ಹಾಕಿದ್ದಾರಂತೆ, ಅಂದರೆ ಬಟ್ಟೆಯ ಅಜೋ ಬಣ್ಣ ಒಡೆದರೆ ಕ್ಯಾನ್ಸರ್ ತರುವ ಅಮೀನುಗಳು ಹೊರಬರುತ್ತವೆಯೇ ಅಂತ ನೋಡುವ ಕಡೆ. ನಾನು ವರ್ಷಗಟ್ಟಲೆ ನಿಂತ ಬೆಂಚು ಅದು. ಸ್ವಲ್ಪ ಜಾಸ್ತಿ ಕೊರೆದರೆ ಸಹಿಸಿಕೋ.

ಹೊಸಬರಿಗೆಲ್ಲ ಅಮೀನು ಗುರುತಿಸುವ ಮಷಿನ್ ಜಿಸಿ-ಎಂಎಸ್ ಮೇಲೇ ಕಣ್ಣು. ಆದರೆ ಕೆಲಸ ಕೆಡುವುದು ಅದಕ್ಕಿಂತ ಮೊದಲು, ಬಿಸಿನೀರಿನ ತೊಟ್ಟಿಯ (ವಾಟರ್ ಬಾತ್) ಹತ್ತಿರ. 1 ಗ್ರಾಂ ಬಟ್ಟೆ ಚೂರು, 17 ಎಂಎಲ್ ಸಿಟ್ರೇಟ್ ಬಫರ್, ಪಿಎಚ್ 6, 70 ಡಿಗ್ರಿ. ಆಮೇಲೆ ಬಣ್ಣ ಒಡೆಯುವ ಡೈಥಯೋನೈಟ್ ಹಾಕಿ 30 ನಿಮಿಷ. ಕಡುಗೆಂಪು ಚೂರು ಕಣ್ಣೆದುರೇ ಬಿಳಚಿಕೊಳ್ಳುತ್ತದೆ. ಅಜೋ ಕೊಂಡಿ ಮುರಿದು ಅಮೀನ್ ಹೊರಗೆ ಬರುವ ಹೊತ್ತು ಅದು. ಬಣ್ಣ ಹೋಗದಿದ್ದರೆ ಅದು ಅಜೋ ಜಾತಿಯದೇ ಅಲ್ಲದಿರಬಹುದು. ಆದರೆ ಮೊದಲು ಡೈಥಯೋನೈಟ್ ಮೇಲೆ ಅನುಮಾನ ಪಡು. ಬೇಸಿಗೆಯ ಹಾಲಿಗಿಂತ ಬೇಗ ಕೆಡುವ ವಸ್ತು ಅದು. ಬೆಳಿಗ್ಗೆ ಕಲಸಿಟ್ಟದ್ದನ್ನು ಸಂಜೆ ಹಾಕಿದರೆ ಎಂಥ ಬಟ್ಟೆಯೂ ಪಾಸ್! ಪಾಲಿಯೆಸ್ಟರ್ ಆದರೆ ಬಣ್ಣವನ್ನು ಮೊದಲು ಕ್ಲೋರೋಬೆಂಜೀನಿನಲ್ಲಿ ಎಳೆದುಕೋ. ಕೊನೆಗೆ ಅಮೀನುಗಳನ್ನು ಎಳೆದುಕೊಂಡ ಈಥರ್ ಹಾರಿಸುವಾಗ ಫ್ಲಾಸ್ಕ್ ಪೂರ್ತಿ ಒಣಗಲು ಬಿಡಬೇಡ, ಹಗುರ ಅಮೀನುಗಳು ಅದರ ಜೊತೆಗೇ ಹೊರಟುಹೋಗುತ್ತವೆ.

ಈಗ ನನ್ನ ಪೆದ್ದುತನ ಕೇಳು. ಒಂದು ಕುರ್ತಾ ಸ್ಯಾಂಪಲ್. ಜಿಸಿ-ಎಂಎಸ್ ತೆಗೆದ ಗೆರೆಯಲ್ಲಿ ಮಾಸ್ (ಅಣುತೂಕ) 107ರಲ್ಲಿ ದೊಡ್ಡ ಪೀಕ್. ಆರ್ಥೋ-ಟೊಲುಯಿಡಿನ್ ಅಂತ ಮಷಿನ್ನಿನೊಳಗಿನ ಲೈಬ್ರರಿ ಹೇಳಿತು. ಯುರೋಪಿನ 22 ನಿಷೇಧಿತ ಅಮೀನುಗಳ ಪಟ್ಟಿಯಲ್ಲಿ ಅದಿದೆ, ಮಿತಿ ಕಿಲೋಗೆ 30 ಮಿಲಿಗ್ರಾಂ. ಫೇಲ್ ಅಂತ ಬರೆದುಬಿಟ್ಟೆ. ಮಾಲು ನಿಂತಿತು. ನಾಲ್ಕು ದಿನ ಕಳೆದು ಇನ್ನೊಬ್ಬರು ಬೇರೆ ಬಗೆಯ ಮಷಿನ್ ಎಚ್‌ಪಿಎಲ್‌ಸಿಯಲ್ಲಿ ನೋಡಿದರೆ ಅದು ಪ್ಯಾರಾ-ಟೊಲುಯಿಡಿನ್! ಪಟ್ಟಿಯಲ್ಲೇ ಇಲ್ಲ. ಮಾಸ್ ಒಂದೇ, ಸ್ಪೆಕ್ಟ್ರಮ್ ಅವಳಿ ಮಕ್ಕಳ ಹಾಗೆ. ಆ ದಿನ ಮ್ಯಾನೇಜರ್ ಬೈಯಲಿಲ್ಲ, ಸುಮ್ನೆ ನೋಡಿದರು. ಬೈದಿದ್ದರೇ ವಾಸಿಯಿತ್ತು. ಫೇಲ್ ಬರೆಯುವ ಮುಂಚೆ ಇನ್ನೊಂದು ವಿಧಾನದಲ್ಲಿ ಕೇಳಿ ನೋಡು, ಮಷಿನ್ ಎಷ್ಟೇ ದುಬಾರಿಯಾಗಿರಲಿ.

ಉಲ್ಟಾ ಮೋಸವೂ ಉಂಟು. ಪಟ್ಟಿಯಲ್ಲಿರುವ 4-ಅಮೈನೋಅಜೋಬೆಂಜೀನ್ 70 ಡಿಗ್ರಿಯಲ್ಲಿ ತಾನೇ ಒಡೆದು ಅನಿಲಿನ್, ಪ್ಯಾರಾ-ಫಿನೈಲೀನ್‌ಡೈಅಮೀನ್ ಆಗುತ್ತದೆ. ಕಳ್ಳ ಸಿಗುವುದಿಲ್ಲ, ಹೆಜ್ಜೆ ಗುರುತು ಮಾತ್ರ. ಅವು ಕಂಡರೆ 40 ಡಿಗ್ರಿಯಲ್ಲಿ, ಕ್ಷಾರದಲ್ಲಿ ಮತ್ತೆ ಮಾಡು.

ಇನ್ನು ಹೋಲಿಸಿ ನೋಡಲು ಇಟ್ಟ ಅಮೀನುಗಳ ಸ್ಟ್ಯಾಂಡರ್ಡ್ ಬಾಟಲಿಗಳು. ಕ್ಯಾನ್ಸರ್ ತರುವ ಬೆಂಜಿಡೀನ್ ಇರುವುದು ಅಲ್ಲೇ, ಅದೂ ಬಟ್ಟೆಯಲ್ಲಿ ಸಿಗುವುದಕ್ಕಿಂತ ಎಷ್ಟೋ ಗಟ್ಟಿಯಾಗಿ. 1895ರಲ್ಲೇ ರೆನ್ ಎಂಬ ಜರ್ಮನ್ ಸರ್ಜನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಗುರುತಿಸಿದ್ದರು. ಕಾಯಿಲೆ ಬಂದದ್ದು ಉಟ್ಟವರಿಗಲ್ಲ, ಬಣ್ಣ ಕಲಸಿದವರಿಗೆ. ನೀನೂ ಕಲಸುವ ಕಡೆಯವಳೇ ಅಲ್ವಾ? ಗ್ಲೌಸ್, ಫ್ಯೂಮ್ ಹುಡ್ ಎರಡೂ ಬೇಕು. ಚಿತ್ರಾನ್ನದ ಡಬ್ಬಿ ಬೆಂಚಿನ ಮೇಲೆ ಕಂಡರೆ ನಾನೇ ಬಂದು ಎತ್ತಿಡುತ್ತೇನೆ.

ಭಾನುವಾರ ಮನೆಗೆ ಬಾ. ಮೊದಲ ಕ್ರೊಮ್ಯಾಟೋಗ್ರಾಮಿನ, ಅಂದರೆ ಮಷಿನ್ ಬರೆದ ಪೀಕುಗಳ ಗೆರೆಯ, ಪ್ರಿಂಟ್ ತಾ. ಬೇಸ್‌ಲೈನ್ ನೋಡಬೇಕು.

ನಿನ್ನ ಮಾವ